ಸ್ಕ್ವಯರ್ ಕ್ಲಾಸಿಕ್ ವೈಬ್ ಸಿಕ್ಸ್ಟೀಸ್ ಜಾಜ್‌ಮಾಸ್ಟರ್: ಶೂಗೇಜ್ ನುಡಿಸಲೆಂದೇ ಕೊಳ್ಳುವವರಿಗೆ

ಮೈ ಬ್ಲಡಿ ವ್ಯಾಲಂಟೈನ್ ತಂಡದ ‘ಲವ್‌ಲೆಸ್’ ಆಲ್ಬಮ್ 1991ರ ನವೆಂಬರ್‌ನಲ್ಲಿ ಹೊರಬಂತು. ಶೂಗೇಜ್ ಕೇಳುವವರ ನಡುವಿನ ಜಗಳ ಅಂದಿನಿಂದ ಇಂದಿನವರೆಗೆ ನಿಂತಿಲ್ಲ. ಈ ಬ್ರಿಟಿಷ್ ಗಿಟಾರ್ ಪಂಥ ನಮಗೆ ಬಿಟ್ಟುಹೋದ ಆಸ್ತಿ ಯಾವುದು? ಹಾಡುಗಳೇ, ಗಿಟಾರಿನ ಸದ್ದು ಬದಲಿಸುವ ಪೆಡಲ್‌ಗಳ ರಾಶಿಯಿಂದ ಎದ್ದ ಮಂಜಿನಂಥ ಸದ್ದೇ, ಇಲ್ಲ ಬಲಗೈಯ ಒಂದು ವರಸೆಯೇ? ಗಿಟಾರ್ ಕೊಳ್ಳಲು ಹೊರಟವರಿಗೆ ಇದು ಕಾಲಹರಣದ ಚರ್ಚೆಯಲ್ಲ. ಯಾವ ಉತ್ತರ ಒಪ್ಪುತ್ತೀರೋ ಅದರ ಮೇಲೆ ದುಡ್ಡು ಎಲ್ಲಿ ಸುರಿಯಬೇಕು ಎಂಬುದು ನಿಂತಿದೆ. ಬಲಗೈ ಎಂದು ಒಪ್ಪುವವರಿಗಾಗಿ ಫೆಂಡರಿನ ಅಗ್ಗದ ಬ್ರ್ಯಾಂಡ್ ಸ್ಕ್ವಯರ್‌ನ ಈ ಜಾಜ್‌ಮಾಸ್ಟರ್ ಎಲೆಕ್ಟ್ರಿಕ್ ಗಿಟಾರನ್ನು ಇಲ್ಲಿ ತೂಗಿ ನೋಡಲಾಗಿದೆ.

ಮೊದಲು ಉಳಿದ ಎರಡು ಪಕ್ಷಗಳ ಮಾತು ಕೇಳೋಣ, ಅವರ ವಾದವೂ ಹಗುರವಲ್ಲ. ಹಾಡೇ ಮುಖ್ಯ ಎನ್ನುವವರು ಆಕ್ಸ್‌ಫರ್ಡ್‌ನ ರೈಡ್ ತಂಡವನ್ನು, ಲಂಡನ್ನಿನ ಲಶ್ ತಂಡವನ್ನು ಮುಂದಿಡುತ್ತಾರೆ. ರೈಡ್ ತಂಡದ ಗಿಟಾರುಗಳಲ್ಲಿ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಇತ್ತು. ಅದರ ಝಣಝಣ ನಾದ ಅರವತ್ತರ ದಶಕದ್ದು, ಸದ್ದಿನ ಗೋಡೆಯ ಹಿಂದೆ ರಾಗ ಸ್ಪಷ್ಟವಾಗಿ ಕೇಳುತ್ತದೆ. ಸದ್ದೇ ಮುಖ್ಯ ಎನ್ನುವವರ ದೇವರು ರೆಡಿಂಗ್ ಊರಿನ ಸ್ಲೋಡೈವ್. ಅವರು 1993ರ ‘ಸುವ್ಲಾಕಿ’ ಕಾಲದಲ್ಲಿ ಬಳಸಿದ ಯಮಾಹಾ ಎಫ್‌ಎಕ್ಸ್500 ಪೆಟ್ಟಿಗೆಯ ‘ಸಾಫ್ಟ್ ಫೋಕಸ್’ ಎಂಬ ಒಂದೇ ಒಂದು ಸೆಟ್ಟಿಂಗ್ ಎಷ್ಟು ಹೆಸರಾಯಿತೆಂದರೆ, ದಶಕಗಳ ನಂತರ ಕ್ಯಾಟಲಿನ್‌ಬ್ರೆಡ್ ಕಂಪನಿ ಅದೇ ಹೆಸರಿನ ಪೆಡಲ್ ಮಾಡಿ ಮಾರಿತು. ಪೆಡಲ್ ನೋಡುತ್ತಾ ತಲೆ ತಗ್ಗಿಸಿ ನಿಲ್ಲುತ್ತಾರೆಂದು ಪತ್ರಿಕೆಗಳು ಅಣಕಿಸಿ ಇಟ್ಟ ಹೆಸರೇ ಶೂಗೇಜ್. ಬ್ರಿಟ್‌ಪಾಪ್ ಎಂಬ ಹೊಸ ಅಲೆ ಬಂದಾಗ ಇವರನ್ನು ಮೂಲೆಗೆ ತಳ್ಳಿದರು. 1995ರ ‘ಪಿಗ್ಮೇಲಿಯನ್’ ಆದಮೇಲೆ ಕ್ರಿಯೇಷನ್ ಎಂಬ ರೆಕಾರ್ಡ್ ಕಂಪನಿ ಸ್ಲೋಡೈವನ್ನು ಕೈಬಿಟ್ಟಿತು. ಅದೇ ತಂಡದ 2023ರ ಆಲ್ಬಮ್ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂತು. ಆ ಸದ್ದಿಗೆ ಆಯುಷ್ಯವಿಲ್ಲ ಎಂದವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಆದರೂ ಈ ವಿಮರ್ಶೆಯ ನಿಲುವು ಮೂರನೆಯ ಪಕ್ಷದ್ದು. ಝಣಝಣ ನಾದ ಮೊದಲೂ ಇತ್ತು. ನೀರಿನಲ್ಲಿ ಅದ್ದಿದಂಥ ಗಿಟಾರನ್ನು ಕಾಕ್ಟೋ ಟ್ವಿನ್ಸ್ ತಂಡದ ರಾಬಿನ್ ಗಥ್ರಿ ಎಂಬತ್ತರ ದಶಕದಲ್ಲೇ ಕೇಳಿಸಿದ್ದರು. ಹೊಸದಾಗಿ ಬಂದದ್ದು 1988ರಲ್ಲಿ, ಮೈ ಬ್ಲಡಿ ವ್ಯಾಲಂಟೈನ್‌ನ ಕೆವಿನ್ ಶೀಲ್ಡ್ಸ್ ಜಾಜ್‌ಮಾಸ್ಟರ್ ಕೈಗೆತ್ತಿಕೊಂಡು, ತಂತಿಗಳ ಬಿಗಿ ಸಡಿಲಿಸುವ ಸನ್ನೆಗೋಲಾದ ಟ್ರೆಮೊಲೊ ಆರ್ಮನ್ನು ಬಿಡದೆ ಹಿಡಿದೇ ತಂತಿ ಮೀಟಲು ಶುರುಮಾಡಿದಾಗ. ಪ್ರತಿ ಮೀಟಿಗೂ ಆರೂ ತಂತಿಯ ಶ್ರುತಿ ಚೂರು ಜಾರಿ ಮತ್ತೆ ಏರುತ್ತದೆ. ಇದಕ್ಕೆ ‘ಗ್ಲೈಡ್ ಗಿಟಾರ್’ ಎಂಬ ಹೆಸರು ಬಿತ್ತು. ನಮ್ಮ ಕಿವಿಗೆ ಇದು ಥಟ್ಟನೆ ಹಿಡಿಯುತ್ತದೆ: ಇದು ಜಾರು ಗಮಕ. ವೀಣೆಯಲ್ಲಿ ಎಡಗೈ ಒಂದು ತಂತಿಯನ್ನು ಎಳೆದು ಸ್ವರವನ್ನು ಮೇಲೇರಿಸುತ್ತದೆ, ಇಲ್ಲಿ ಬಲಗೈ ಆರು ತಂತಿಯನ್ನೂ ಒಟ್ಟಿಗೆ ಸಡಿಲಿಸಿ ಕೆಳಗಿಳಿಸುತ್ತದೆ. ಎಲ್ಲ ತಂತಿಗಳೂ ಸಮನಾಗಿ ಇಳಿಯುವುದಿಲ್ಲ ಎಂಬುದೇ ಇದರ ಜೀವಾಳ. ಒಂದು ಹೆಚ್ಚು ಜಾರಿ, ಇನ್ನೊಂದು ಕಡಿಮೆ ಜಾರಿ, ಸ್ವರಮೇಳ ತನ್ನೊಳಗೇ ಉಜ್ಜಿಕೊಂಡು ಅಲೆಅಲೆಯಾಗಿ ಬಡಿಯುತ್ತದೆ. ಕೇಳುವವರು ಇದನ್ನು ಹತ್ತಾರು ಗಿಟಾರಿನ ಸದ್ದೆಂದು ಭ್ರಮಿಸುತ್ತಾರೆ. ‘ಬ್ರಿಟಿಷ್ ಪಂಥ’ ಎಂಬ ಮಾತನ್ನೂ ಇಲ್ಲಿ ತುಸು ಸಡಿಲಿಸಿಕೊಳ್ಳಬೇಕು. ಮೈ ಬ್ಲಡಿ ವ್ಯಾಲಂಟೈನ್ ಹುಟ್ಟಿದ್ದು 1983ರಲ್ಲಿ ಡಬ್ಲಿನ್‌ನಲ್ಲಿ, ಶೀಲ್ಡ್ಸ್ ಹುಟ್ಟಿದ್ದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ, ಗಿಟಾರ್ ಅಮೆರಿಕದ್ದು.

ಫೆಂಡರ್ ಕಂಪನಿ ಜಾಜ್‌ಮಾಸ್ಟರನ್ನು 1958ರಲ್ಲಿ ತಂದದ್ದು ಜಾಜ್ ನುಡಿಸುವವರಿಗೆಂದು. ಅವರು ಒಲಿಯಲಿಲ್ಲ. 1980ರ ಹೊತ್ತಿಗೆ ತಯಾರಿಕೆಯೇ ನಿಂತು, ಹಳೆಯ ಗಿಟಾರುಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಬಿದ್ದಿದ್ದವು. ಕಾಸಿಲ್ಲದ ಹುಡುಗರ ಕೈಗೆ ಅವು ಬಂದದ್ದು ಹಾಗೆ. ಇದರ ಟ್ರೆಮೊಲೊ ಫೆಂಡರಿನದೇ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನಂತಲ್ಲ. ತಂತಿಗಳು ಮೈಮೇಲೆ ತಮ್ಮನ್ನು ಹೊರುವ ಬ್ರಿಜ್ ದಾಟಿ ಹಿಂದೆ ಬೇರೆಯದೇ ಒಂದು ತಗಡಿನ ಟೇಲ್‌ಪೀಸಿಗೆ ಸಿಕ್ಕಿಕೊಂಡಿರುತ್ತವೆ, ಅದರಡಿ ಒಂದೇ ಒಂದು ಸ್ಪ್ರಿಂಗ್. ಆರ್ಮ್ ಉದ್ದ. ಎಷ್ಟು ಒತ್ತಿದರೂ ಶ್ರುತಿ ಪಾತಾಳಕ್ಕಿಳಿಯದು, ಆದರೆ ಅರ್ಧ ಸ್ವರದೊಳಗಿನ ಸಣ್ಣ ಜಾರು ಬೆಣ್ಣೆಯಷ್ಟು ನಯವಾಗಿ ಬರುತ್ತದೆ. ಗ್ಲೈಡಿಗೆ ಬೇಕಾದದ್ದು ಅಷ್ಟೇ.

ಈಗ ಗಿಟಾರಿಗೆ ಬರೋಣ. ಕ್ಲಾಸಿಕ್ ವೈಬ್ ಸಾಲನ್ನು ಸ್ಕ್ವಯರ್ 2019ರಲ್ಲಿ ಹೊಸದಾಗಿ ರೂಪಿಸಿತು. ಮೈ ಪಾಪ್ಲರ್ ಮರ, ನೆಕ್ ಮೇಪಲ್, ಮಿಡಿಯುವ ತಂತಿಯ ಉದ್ದ ಅಂದರೆ ಸ್ಕೇಲ್ 25.5 ಇಂಚು, 21 ಫ್ರೆಟ್. ಫ್ರೆಟ್‌ಬೋರ್ಡಿನ ಮರವನ್ನು ‘ಇಂಡಿಯನ್ ಲಾರೆಲ್’ ಎಂದು ಬರೆದಿರುತ್ತಾರೆ. ಹೆಸರು ಕೇಳಿ ಗಾಬರಿ ಬೇಡ, ಅದು ನಮ್ಮ ಮತ್ತಿ ಮರ. ಮಲೆನಾಡಿನ ಅಂಚಿನ ಕಾಡುಗಳಲ್ಲಿ ಮೊಸಳೆ ಮೈಯಂಥ ತೊಗಟೆ ಹೊತ್ತು ನಿಲ್ಲುವ ಅದೇ ಮತ್ತಿ. ಮನೆ ಕಟ್ಟಲು ತಲೆಮಾರುಗಳಿಂದ ಬಳಸಿದ ಗಟ್ಟಿ ಮರ, ಗಿಟಾರಿಗೆ ಧಾರಾಳವಾಗಿ ಸಾಕು. ರೋಸ್‌ವುಡ್‌ಗಿಂತ ಒಣಗಿದಂತೆ, ಪೇಲವವಾಗಿ ಕಂಡರೆ ಫ್ರೆಟ್‌ಬೋರ್ಡ್ ಎಣ್ಣೆ ನಾಲ್ಕು ಹನಿ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿ. ಕೊಬ್ಬರಿ ಎಣ್ಣೆ ಬೇಡ. ಅದು ಒಣಗದೆ ಜಿಡ್ಡಾಗಿ ಉಳಿದು ಫ್ರೆಟ್ ಅಂಚಿನಲ್ಲಿ ಧೂಳು ಹಿಡಿಯುತ್ತದೆ.

ನೆಕ್ ಕೈಗೆ ಹಿತವಾಗಿದೆ, ಬಣ್ಣದ ಕೆಲಸ ಚೊಕ್ಕಟವಾಗಿದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಜಾಜ್‌ಮಾಸ್ಟರಿನ ಹಣೆಬರಹ ತೀರ್ಮಾನವಾಗುವುದು ಬ್ರಿಜ್ ಸುತ್ತಲಿನ ನಾಲ್ಕು ಅಂಗುಲದಲ್ಲಿ.

ಕಾರ್ಖಾನೆಯಿಂದ ಬರುವಾಗ ಇದರ ಮೇಲಿರುವುದು 9ರಿಂದ 42ರ (ದಪ್ಪ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ) ತೆಳು ತಂತಿ. ಜಾಜ್‌ಮಾಸ್ಟರ್ ರೂಪುಗೊಂಡ ಕಾಲದ ತಂತಿಗಳು ಇದಕ್ಕಿಂತ ಬಹಳ ದಪ್ಪ. ಈ ವ್ಯತ್ಯಾಸವೇ ಹೊಸಬರ ಮುಕ್ಕಾಲು ಗೋಳಿಗೆ ಮೂಲ. ಬ್ರಿಜ್ ಎರಡು ಕಾಲಿನ ಮೇಲೆ ನಿಂತಿದೆ, ಆ ಕಾಲುಗಳು ಮೈಯೊಳಗಿನ ಲೋಹದ ಬಟ್ಟಲಲ್ಲಿ ಸಡಿಲವಾಗಿ ಕೂತಿವೆ. ಆರ್ಮ್ ಒತ್ತಿದಾಗ ತಂತಿಯ ಜೊತೆ ಬ್ರಿಜ್ ಕೂಡ ವಾಲಿ ಮತ್ತೆ ವಾಪಸಾಗಬೇಕು, ವಿನ್ಯಾಸವೇ ಹಾಗೆ. ಅದನ್ನು ಅದರ ಜಾಗದಲ್ಲಿ ಕೂರಿಸಿ ಹಿಡಿಯುವುದು ತಂತಿ ಕೆಳಮುಖವಾಗಿ ಹಾಕುವ ಒತ್ತಡ ಒಂದೇ. ಬ್ರಿಜ್‌ನಿಂದ ಟೇಲ್‌ಪೀಸಿಗೆ ತಂತಿ ಇಳಿಯುವ ಕೋನ ಮೊದಲೇ ಕಡಿಮೆ. ತೆಳು ತಂತಿಯಾದರೆ ಒತ್ತಡ ಇನ್ನೂ ಇಳಿಯುತ್ತದೆ. ಲೆಕ್ಕ ನೋಡಿ: ಈ ಸ್ಕೇಲಿನಲ್ಲಿ ಅತಿ ತೆಳುವಾದ ಇ ತಂತಿ 9 ಆದರೆ ಬಿಗಿ ಸುಮಾರು 5.9 ಕಿಲೋ, 11 ಆದರೆ ಸುಮಾರು 8.9 ಕಿಲೋ. ಬಿಗಿ ಸಾಲದೆ ಹೋದರೆ ಜೋರಾಗಿ ಮೀಟಿದಾಗ ತಂತಿ ಬ್ರಿಜ್ ಮೇಲೆ ತಾನು ಕೂರುವ ತುಂಡಿನಿಂದ, ಅಂದರೆ ಸ್ಯಾಡಲ್‌ನಿಂದ, ಜಾರಿ ಪಕ್ಕಕ್ಕೆ ಹೋಗುತ್ತದೆ, ಬ್ರಿಜ್ ಝೇಂಕರಿಸುತ್ತದೆ, ಸ್ಯಾಡಲ್ ಸ್ಕ್ರೂಗಳು ಅದುರಿ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಗಿಟಾರ್ ಕೆಟ್ಟದ್ದು ಎಂದು ತೀರ್ಪು ಕೊಟ್ಟು ಮಾರಿಬಿಡುವವರು ಬಹಳ ಮಂದಿ. ಕೆಟ್ಟದ್ದು ಗಿಟಾರಿಗೂ ತೆಳು ತಂತಿಗೂ ಮಾಡಿದ ಜೋಡಿ ಮಾತ್ರ.

ಸರಿಪಡಿಸುವ ಕ್ರಮ ಹೀಗೆ. 11ರಿಂದ 49ರ ತಂತಿ ತನ್ನಿ. ಹಳೆಯ ತಂತಿಗಳನ್ನು ತೆಗೆದು, ನೆಕ್ ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಕೂರುವ ಗುಂಡಿಯಲ್ಲಿ ಬ್ರಿಜ್ ಕಡೆಯ ತುದಿಗೆ ಸುಮಾರು 0.6 ಮಿಲಿಮೀಟರ್ ದಪ್ಪದ ಶಿಮ್, ಅಂದರೆ ತೆಳು ಆಧಾರದ ಚೂರು, ಇಡಿ. ಗುಂಡಿಯ ಉದ್ದಕ್ಕೂ ಒಂದೇ ಸಮ ಇಳಿಜಾರಾಗುವ ಮರದ ಶಿಮ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ವಿಸಿಟಿಂಗ್ ಕಾರ್ಡ್ ಕತ್ತರಿಸಿ ಎರಡು ಪದರ ಹಾಕಿದರೂ ಕೆಲಸ ನಡೆಯುತ್ತದೆ. ಇದರಿಂದ ನೆಕ್ ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ. ಆಗ ತಂತಿಗಳ ಎತ್ತರ ಮೊದಲಿನಂತೆ ಬರಲು ಬ್ರಿಜ್ಜನ್ನು ಎರಡು ಮಿಲಿಮೀಟರಿಗೂ ತುಸು ಹೆಚ್ಚು ಏರಿಸಬೇಕಾಗುತ್ತದೆ. ಬ್ರಿಜ್ ಏರಿತೆಂದರೆ ಹಿಂದಿನ ಕೋನ ಕಡಿದಾಯಿತು, ಒತ್ತಡ ಹೆಚ್ಚಿತು, ಝೇಂಕಾರ ನಿಂತಿತು. ಏರಿಸಲು ಬ್ರಿಜ್ ಕಾಲುಗಳ ನೆತ್ತಿಯ ತೂತಿನಲ್ಲಿ ಸಣ್ಣ ಅಲೆನ್ ಕೀ ಇಳಿಸಿ ತಿರುಗಿಸಿ. ಸ್ಯಾಡಲ್‌ಗಳನ್ನು ಒಂದೊಂದಾಗಿ ಎತ್ತಬೇಡಿ. ಹಾಗೆ ಎತ್ತಿದಷ್ಟೂ ಅವುಗಳ ಸ್ಕ್ರೂ ಅದುರುತ್ತದೆ.

ನೆಕ್ ಕೂರಿಸುವಾಗ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ತಂತಿ ಹಾಕಿ ಶ್ರುತಿ ಮಾಡಿ ಒಂದು ರಾತ್ರಿ ಬಿಡಿ. ದಪ್ಪ ತಂತಿಯ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗಿರುತ್ತದೆ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡರಲ್ಲೂ ತಂತಿ ಒತ್ತಿ ಹಿಡಿದು ಏಳನೇ ಫ್ರೆಟ್ ಬಳಿ ಸಂದು ನೋಡಿ. 0.25 ಮಿಲಿಮೀಟರ್ ಇದ್ದರೆ ಸಾಕು, ಹೆಚ್ಚಿದ್ದರೆ ನೆಕ್ಕಿನೊಳಗಿನ ಲೋಹದ ಕಡ್ಡಿಯಾದ ಟ್ರಸ್ ರಾಡನ್ನು ಕಾಲು ಸುತ್ತಿನಂತೆ ಬಿಗಿ ಮಾಡುತ್ತಾ ಬನ್ನಿ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯ ಎತ್ತರ 1.8ರಿಂದ 2 ಮಿಲಿಮೀಟರ್ ಇರಲಿ. ಇದಕ್ಕಿಂತ ತಗ್ಗಿಸುವ ಆಸೆ ಬೇಡ, ಜಾರುವಾಗ ಸಡಿಲಗೊಳ್ಳುವ ತಂತಿ ಫ್ರೆಟ್ಟಿಗೆ ಬಡಿಯುತ್ತದೆ. ಎಲ್ಲ ಮುಗಿದ ಮೇಲೆ ಸ್ಯಾಡಲ್ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕರ್ ಒಂದು ತೊಟ್ಟು ಹಾಕಿ. ಉಗುರು ಬಣ್ಣವೂ ನಡೆಯುತ್ತದೆ.

ಬಹಳ ಮಂದಿ ಮರೆಯುವುದು ನಟ್, ಅಂದರೆ ನೆಕ್ಕಿನ ತಲೆಯ ಬಳಿ ತಂತಿಗಳು ಹಾಯುವ ಸೀಳುಪಟ್ಟಿ. ಅದರ ಸೀಳುಗಳು ತೆಳು ತಂತಿಗೆ ಕೊರೆದವು. 11ರ ಸೆಟ್ಟಿನ ದಪ್ಪ ತಂತಿಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ, ಶ್ರುತಿ ಮಾಡುವಾಗ ‘ಟಿಣ್’ ಎಂದು ಹಾರಿ ಕೂರುತ್ತವೆ. ಆರ್ಮ್ ಬಿಟ್ಟ ಮೇಲೆ ಶ್ರುತಿ ತುಸು ಏರಿಯೇ ನಿಂತರೆ ಕಳ್ಳ ಬಹುತೇಕ ಇಲ್ಲೇ ಇದ್ದಾನೆ. ಸೀಳನ್ನು ಅಗಲ ಮಾಡಬೇಕೇ ಹೊರತು ಆಳ ಮಾಡಬಾರದು. ಸರಿಯಾದ ಅರ ಇಲ್ಲದಿದ್ದರೆ ಗಿಟಾರ್ ರಿಪೇರಿಯವರ ಬಳಿ ಕೊಡಿ. ಆಳ ಹೆಚ್ಚಾದರೆ ನಟ್ಟನ್ನೇ ಬದಲಿಸಬೇಕಾಗುತ್ತದೆ. ಆಮೇಲೆ ಸೀಳಿಗೆ ಮೆತ್ತನೆಯ ಪೆನ್ಸಿಲ್ ಸೀಸ ಉಜ್ಜಿ.

ಶ್ರುತಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು ಸುಲಭ. ಬ್ರಿಜ್ಜನ್ನು ಬೆರಳಿನಿಂದ ನೇರ ನಿಲ್ಲಿಸಿ ಶ್ರುತಿ ಮಾಡಿ. ಆರ್ಮನ್ನು ಹತ್ತು ಸಲ ಮೆಲ್ಲಗೆ ಒತ್ತಿ ಬಿಡಿ. ಬ್ರಿಜ್ ಒಂದು ಕಡೆ ವಾಲಿ ನಿಂತಿದ್ದರೆ ತಂತಿ ಸ್ಯಾಡಲ್ ಮೇಲೆ ಜಾರಿದೆ ಎಂದರ್ಥ, ಅಂದರೆ ಒತ್ತಡ ಇನ್ನೂ ಸಾಲದು ಅಥವಾ ಕಾಲುಗಳು ಬಟ್ಟಲಿನ ಗೋಡೆಗೆ ತಾಗುತ್ತಿವೆ. ನೇರವಾಗಿಯೇ ಇದ್ದು ಶ್ರುತಿ ಕೆಟ್ಟಿದ್ದರೆ ನಟ್ಟನ್ನು ಅನುಮಾನಿಸಿ. ಕಾಲುಗಳಿಗೆ ಟೇಪ್ ಸುತ್ತಿ ಬ್ರಿಜ್ ಅಲ್ಲಾಡದಂತೆ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಆರ್ಮ್ ಮುಟ್ಟದೆ ನುಡಿಸುವವರಿಗೆ ಅದು ಸರಿ. ಗ್ಲೈಡಿಗೆ, ತಂತಿ ಸ್ಯಾಡಲ್ ಮೇಲೆ ಉಜ್ಜುವುದಕ್ಕಿಂತ ಬ್ರಿಜ್ ಓಲಾಡುವುದೇ ಮೇಲು.

ಟ್ರೆಮೊಲೊ ಘಟಕದಲ್ಲಿ ಗಮನಿಸಬೇಕಾದ ಮಾತೊಂದಿದೆ. ಹಳೆಯ ಫೆಂಡರ್‌ಗಳಲ್ಲಿ ತಂತಿ ಕಡಿದಾಗ ಉಳಿದವುಗಳ ಶ್ರುತಿ ಹಿಡಿದಿಡಲು ಒಂದು ಲಾಕ್ ಗುಂಡಿ ಇರುತ್ತಿತ್ತು. ಇದರಲ್ಲಿ ಅದಿಲ್ಲ. ಕಚೇರಿಯ ನಡುವೆ ತಂತಿ ಕಡಿದರೆ ಗಿಟಾರ್ ಬದಲಿಸಿಕೊಳ್ಳಬೇಕಷ್ಟೆ. ದಪ್ಪ ತಂತಿ ಹಾಕಿದ ಮೇಲೆ ಆರ್ಮ್ ಗಿಟಾರ್ ಮೈ ಕಡೆಗೆ ಬಾಗಿರುತ್ತದೆ. ಟೇಲ್‌ಪೀಸಿನ ನಡುವಿನ ಸ್ಕ್ರೂವನ್ನು ಬಲಕ್ಕೆ ಅರ್ಧ ಸುತ್ತು ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಆರ್ಮ್ ಮೇಲೇಳುತ್ತದೆ, ಶ್ರುತಿಯೂ ಏರುತ್ತದೆ. ಶ್ರುತಿ ಸರಿಮಾಡಿ ಮತ್ತೆ ನೋಡಿ. ಆರ್ಮನ್ನು ಕೆಳಕ್ಕೂ ಮೇಲಕ್ಕೂ ಸಲೀಸಾಗಿ ಆಡಿಸುವಂತಾದರೆ ಅಲ್ಲಿಗೆ ಬಿಡಿ. ತಗಡು ಆನಿಸಿಕೊಂಡು ಆಡುವ ಅಂಚಿಗೆ ಚಿಟಿಕೆ ಗ್ರೀಸ್ ಹಚ್ಚಿದರೆ ಕಿರುಗುಟ್ಟುವುದಿಲ್ಲ.

ಆರ್ಮ್ ಹಿಡಿಯುವ ರೀತಿ ಅಂಗಡಿಯವರು ಹೇಳಿಕೊಡುವ ಸಂಗತಿಯಲ್ಲ, ಆದ್ದರಿಂದ ಬಿಡಿಸಿ ಹೇಳುವುದು ಒಳ್ಳೆಯದು. ಪಿಕ್ ಹೆಬ್ಬೆರಳು ತೋರುಬೆರಳ ನಡುವೆ, ಆರ್ಮ್ ಉಳಿದ ಬೆರಳುಗಳ ಮಡಿಕೆಯಲ್ಲಿ. ಅದು ಕೈ ಜೊತೆಯಲ್ಲೇ ಓಡಾಡಬೇಕು, ಆದ್ದರಿಂದ ತಂತಿಗಳಿಂದ ಸಾಕಷ್ಟು ಎತ್ತರದಲ್ಲಿರಬೇಕು. ಶೀಲ್ಡ್ಸ್ ತಮ್ಮ ಆರ್ಮಿಗೆ ಟೇಪ್ ಸುತ್ತಿ ಅದು ತೂತಿನೊಳಗೆ ಪೂರ್ತಿ ಇಳಿಯದಂತೆ ಮಾಡಿಕೊಂಡದ್ದು ಇದಕ್ಕೇ. ಪ್ಲಂಬರುಗಳ ಬಿಳಿ ಟೇಪ್ ಎರಡು ಮೂರು ಸುತ್ತು ಸಾಕು. ಮೊದಲು ಓಪನ್ ಸ್ವರಮೇಳ ಹಿಡಿದು ಮೊಣಕೈಯಿಂದ ಅಗಲವಾಗಿ ಮೀಟಿ. ಒತ್ತಲು ಪ್ರತ್ಯೇಕ ಪ್ರಯತ್ನ ಬೇಡ, ಕೈ ಇಳಿಯುವಾಗ ಆರ್ಮ್ ತಾನೇ ಇಳಿಯುತ್ತದೆ. ಟ್ಯೂನರ್ ಹಚ್ಚಿಟ್ಟು ನೋಡಿದರೆ ಜಾರು ಅರ್ಧ ಸ್ವರವನ್ನು ಮುಟ್ಟಬಾರದು, ಕಾಲು ಸ್ವರದ ಆಸುಪಾಸು ಸಾಕು. ಹೆಚ್ಚು ಒತ್ತಿದರೆ ತಲೆ ಸುತ್ತುವಂಥ ಅಗ್ಗದ ಪರಿಣಾಮ ಬರುತ್ತದೆ. ಪಕ್ಕದ ಎರಡು ತಂತಿಗಳನ್ನು ಒಂದೇ ಸ್ವರಕ್ಕೆ ಶ್ರುತಿ ಮಾಡಿಕೊಂಡರೆ ಬಡಿತ ಇನ್ನಷ್ಟು ದಟ್ಟ.

ತಂತಿಯ ಮಿಡಿತವನ್ನು ವಿದ್ಯುತ್ತಾಗಿ ಹಿಡಿಯುವ ಪಿಕಪ್ಪುಗಳು ಅಗಲವಾದ, ಚಪ್ಪಟೆ ಸುರುಳಿಯ ಸಿಂಗಲ್ ಕಾಯಿಲ್‌ಗಳು. ತೆರೆದ, ಬೆಚ್ಚನೆಯ, ತುದಿಯಲ್ಲಿ ತುಸು ಚೂಪಾದ ನಾದ. ಸಿಂಗಲ್ ಕಾಯಿಲ್ ಆದ್ದರಿಂದ ಗುಂಯ್ ಎನ್ನುವ ಸದ್ದು ಇದ್ದೇ ಇದೆ, ಸದ್ದನ್ನು ಒಡೆದು ಒರಟಾಗಿಸುವ ಫಜ್ ಪೆಡಲ್ ಜೊತೆ ಅದೂ ಬೆಳೆಯುತ್ತದೆ. ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಬಳಸಿ, ಟ್ಯೂಬ್‌ಲೈಟ್ ಮತ್ತು ಅಡಾಪ್ಟರುಗಳಿಂದ ಒಂದು ಮಾರು ದೂರ ನಿಲ್ಲಿ. ಮೇಲಿನ ಕೊಂಬಿನ ಸಣ್ಣ ಸ್ವಿಚ್ ಒತ್ತಿದರೆ ‘ರಿದಂ ಸರ್ಕ್ಯೂಟ್’ ಬರುತ್ತದೆ: ನೆಕ್ ಪಿಕಪ್ ಮಾತ್ರ, ಮಬ್ಬಾದ ಸದ್ದು, ನಿಯಂತ್ರಣ ಅಲ್ಲಿನ ಎರಡು ಚಕ್ರಗಳಲ್ಲಿ. ಗಿಟಾರ್ ಸತ್ತುಹೋಯಿತೆಂದು ಹೊಸಬರು ಹೆದರುವುದು ಈ ಸ್ವಿಚ್ ಅರಿವಿಲ್ಲದೆ ತಾಗಿ, ಚಕ್ರ ಸೊನ್ನೆಯಲ್ಲಿದ್ದಾಗ. ಇದನ್ನು ಅನೇಕರು ಕಿತ್ತುಹಾಕುತ್ತಾರೆ. ಕೀಳಬೇಡಿ, ಫಜ್ ಮುಂದೆ ಈ ಮಬ್ಬು ಸದ್ದು ಉಣ್ಣೆಯಂತೆ ಮೃದುವಾಗುತ್ತದೆ.

ಪೆಡಲ್ ಎಷ್ಟು ಬೇಕು? ‘ಲವ್‌ಲೆಸ್’ ಕೇಳಿ ಇಪ್ಪತ್ತು ಪೆಡಲ್ ಊಹಿಸುವವರಿಗೆ ಉತ್ತರ ಸಪ್ಪೆ ಎನಿಸಬಹುದು: ಆಂಪಿನ ಒಡಕು, ಒಂದು ಫಜ್, ಒಂದು ರಿವರ್ಸ್ ರಿವರ್ಬ್ (ತಿರುವುಮುರುವಾದ ಮಾರ್ದನಿ). ಶೀಲ್ಡ್ಸ್ ಬಳಸಿದ ಯಮಾಹಾ ಎಸ್‌ಪಿಎಕ್ಸ್90 ಪೆಟ್ಟಿಗೆಯಂಥ ರಿವರ್ಸ್ ರಿವರ್ಬಿನಲ್ಲಿ ಮೀಟಿನ ಮೊನೆ ಮಾಯವಾಗಿ ಸದ್ದು ಉಬ್ಬಿ ಬಂದು ಥಟ್ಟನೆ ನಿಲ್ಲುತ್ತದೆ. ಮಿಕ್ಸ್ ನೂರಕ್ಕೆ ನೂರು ಇಡಿ. ಮೂಲ ಸದ್ದು ಹತ್ತು ಭಾಗ ಉಳಿದರೂ ಮೊನೆ ಕೇಳಿ ಮಾಯೆ ಒಡೆಯುತ್ತದೆ. ಉದ್ದ ಅರ್ಧ ಸೆಕೆಂಡಿನೊಳಗೆ. ಗಿಟಾರಿನಿಂದ ಮೊದಲು ರಿವರ್ಬ್, ಆಮೇಲೆ ಫಜ್ ಇಟ್ಟರೆ ಎಲ್ಲ ಒಂದೇ ಗೋಡೆಯಾಗುತ್ತದೆ, ತಿರುಗಿಸಿ ಇಟ್ಟರೆ ಸ್ವರಮೇಳ ಬಿಡಿಬಿಡಿಯಾಗಿ ಕೇಳುತ್ತದೆ. ಎರಡನ್ನೂ ಮಾಡಿ ನೋಡಿ. ಗಿಟಾರಿನ ಟೋನನ್ನು ಅರ್ಧಕ್ಕಿಂತ ಕೆಳಗಿಳಿಸಿ, ಇಲ್ಲವಾದರೆ ಫಜ್ ಕಿವಿ ಕೊರೆಯುತ್ತದೆ. ಬ್ರಿಜ್ ಹಿಂದಿನ ತಂತಿಯ ತುಂಡೂ ತನ್ನಷ್ಟಕ್ಕೆ ಮಿಡಿಯುತ್ತದೆ. ಅದು ಬೇಡವಾದರೆ ಅಲ್ಲಿ ಒಂದು ತುಂಡು ಸ್ಪಂಜು ಸಿಕ್ಕಿಸಿ, ಬೇಕಾದರೆ ಹಾಗೇ ಬಿಡಿ.

ಇದರ ಬದಲು ಜೆ ಮ್ಯಾಸಿಸ್ ಹೆಸರಿನ ಸ್ಕ್ವಯರ್ ಜಾಜ್‌ಮಾಸ್ಟರ್ ಕೊಳ್ಳಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮ್ಯಾಸಿಸ್ ಅವರ ಡೈನೊಸಾರ್ ಜೂನಿಯರ್ ಅಮೆರಿಕದ ತಂಡ, ಮೈ ಬ್ಲಡಿ ವ್ಯಾಲಂಟೈನ್ ಮೇಲೆ ಅದರ ಪ್ರಭಾವ ದೊಡ್ಡದು. ಅವರ ಹೆಸರಿನ ಗಿಟಾರಿನ ಬ್ರಿಜ್ ಗಿಬ್ಸನ್ ಮಾದರಿಯದು, ತಂತಿ ಜಾರಿ ಬೀಳುವುದಿಲ್ಲ. ಬಿಚ್ಚಿ ಜೋಡಿಸುವ ತಾಳ್ಮೆ ಇಲ್ಲದವರಿಗೆ ಅದೇ ಸರಿ. ಆದರೆ ಆರ್ಮ್ ಹಿಡಿದೇ ನುಡಿಸುವಾಗ ಬ್ರಿಜ್ ಓಲಾಡದೆ ತಂತಿ ಸ್ಯಾಡಲ್ ಮೇಲೆ ಉಜ್ಜುತ್ತದೆ, ಶ್ರುತಿ ಬೇಗ ಕದಲುತ್ತದೆ. ಗ್ಲೈಡೇ ಗುರಿಯಾದರೆ ಕ್ಲಾಸಿಕ್ ವೈಬ್ ಮೇಲು. ಮುಂದೆಂದಾದರೂ ಮಾಸ್ಟರಿ ಅಥವಾ ಸ್ಟೇಟ್ರೆಮ್ ಬ್ರಿಜ್ ಹಾಕುವ ಮನಸ್ಸಾದರೆ ಮೊದಲು ಬಟ್ಟಲುಗಳ ಒಳವ್ಯಾಸ, ಅವುಗಳ ನಡುವಿನ ದೂರ ಅಳೆದುಕೊಳ್ಳಿ. ಅಮೆರಿಕದಲ್ಲಿ ತಯಾರಾದ ಗಿಟಾರಿನ ಅಳತೆಗೂ ಇದಕ್ಕೂ ಹೊಂದುತ್ತದೆಂದು ನಂಬಿ ತರಿಸಬೇಡಿ.

ಸ್ಲೋಡೈವ್ ಸದ್ದೇ ನಿಮ್ಮ ಪ್ರಾಣವಾದರೆ ಈ ಗಿಟಾರ್ ಸದ್ಯ ಬೇಡ. ಇರುವ ಗಿಟಾರಿಗೇ ಒಳ್ಳೆಯ ರಿವರ್ಬ್, ಡಿಲೇ ಕೊಳ್ಳಿ, ಹತ್ತಿರ ಹೋಗುತ್ತೀರಿ. ರೈಡ್ ತಂಡದ ಝಣಕಾರಕ್ಕೆ ಹನ್ನೆರಡು ತಂತಿಯೇ ಬೇಕು, ಜಾಜ್‌ಮಾಸ್ಟರಿನಲ್ಲಿ ಅದು ಹುಟ್ಟದು. ಬಲಗೈಯ ವರಸೆ ಕಲಿಯಬೇಕೆನ್ನುವವರು ಖರ್ಚನ್ನು ಈ ಸಾಲಿನಲ್ಲಿ ಇಟ್ಟುಕೊಳ್ಳಿ: ಗಿಟಾರ್, 11ರ ತಂತಿ, ನಟ್ ಕೆಲಸ, ಶಿಮ್, ಆಮೇಲೆ ರಿವರ್ಸ್ ಇರುವ ಒಂದು ರಿವರ್ಬ್, ಕೊನೆಗೆ ಫಜ್. ಇದರ ಜೊತೆಗೇ ಒಂದು ಜೊತೆ ಇಯರ್‌ಪ್ಲಗ್. ಮೈ ಬ್ಲಡಿ ವ್ಯಾಲಂಟೈನ್ ತಮ್ಮ ಸಂಗೀತ ಕಚೇರಿಗಳ ಬಾಗಿಲಲ್ಲೇ ಕೇಳುಗರಿಗೆ ಅವನ್ನು ಹಂಚಿದ್ದುಂಟು. ಸಣ್ಣ ಕೋಣೆಯಲ್ಲಿ ಫಜ್ ಹಚ್ಚಿ ಗಂಟೆಗಟ್ಟಲೆ ಅಭ್ಯಾಸ ಮಾಡುವವರಿಗೆ ಅದರ ಅಗತ್ಯ ಇನ್ನೂ ಹೆಚ್ಚು.